ಏಳು ಬಟ್ಟಲು ನೀರು: ಟಿಬೆಟಿಯನ್ ಬೌದ್ಧರ ಜಲಾರ್ಪಣೆಯ ಕ್ರಮ

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ಹೋದವರು ಬುದ್ಧನ ಮುಂದೆ ಸಾಲಾಗಿಟ್ಟ ನೀರಿನ ಬಟ್ಟಲುಗಳನ್ನು ನೋಡಿರುತ್ತೀರಿ. ಟಿಬೆಟಿಯನ್ನರು ಇದಕ್ಕೆ ಯೋನ್‌ಛಾಪ್ ಎನ್ನುತ್ತಾರೆ. ಹಣ್ಣು, ಬೆಣ್ಣೆದೀಪ ಅರ್ಪಿಸುವಾಗ ಖರ್ಚಿನ ಲೆಕ್ಕ ಮನಸ್ಸಿಗೆ ಬಂದೇ ಬರುತ್ತದೆ. ನೀರು ಕೊಡುವಾಗ ಕೈ ಬಿಗಿಯಾಗುವುದಿಲ್ಲ. ಅರ್ಪಣೆಗೆ ನೀರನ್ನೇ ಆರಿಸಿದ್ದರ ಕಾರಣ ಅದು. 11ನೇ ಶತಮಾನದಲ್ಲಿ ಟಿಬೆಟ್‌ಗೆ ಹೋದ ಬಂಗಾಳದ ಆಚಾರ್ಯ ಅತೀಶರು ಅಲ್ಲಿನ ನೀರನ್ನು ಮೆಚ್ಚಿ, ಅರ್ಪಣೆಗೆ ಅದೇ ಸಾಕೆಂದರು ಎಂದು ಪರಂಪರೆ ಹೇಳುತ್ತದೆ.

ಬಟ್ಟಲುಗಳು ಒಂದೇ ಅಳತೆಯವಾಗಿರಲಿ. ಹಿತ್ತಾಳೆ, ತಾಮ್ರ, ಸ್ಟೀಲು, ಗಾಜು ಯಾವುದಾದರೂ ಸರಿ. ಮೂರಿಂಚು ಅಗಲದ ಏಳು ಬಟ್ಟಲುಗಳ ಸಾಲಿಗೆ ಸುಮಾರು ಎರಡಡಿ ಜಾಗ ಬೇಕು, ನಡುವೆ ದೀಪ ಇಡುವುದಾದರೆ ಇನ್ನಷ್ಟು. ಒಂದು ಲೀಟರಿನ ಮೂತಿ ಇರುವ ಹೂಜಿ ಸಾಕು. ಬೆಳಿಗ್ಗೆ ಹಿಡಿದ ಹೊಸ ನೀರನ್ನೇ ಬಳಸಿ. ಬೇಕಿದ್ದರೆ ಎರಡೆಸಳು ಕೇಸರಿ ಹಾಕಬಹುದು.

ಕೈ, ಬಾಯಿ ತೊಳೆದು, ಬಟ್ಟಲುಗಳನ್ನು ಒಣಬಟ್ಟೆಯಿಂದ ಒರೆಸಿ, ಧೂಪದ ಹೊಗೆ ತಾಗಿಸಿ. ಬರಿದಾದ ಬಟ್ಟಲನ್ನು ಬುದ್ಧನ ಮುಂದೆ ಇಡಬಾರದು ಎಂಬುದು ಇಲ್ಲಿನ ಮುಖ್ಯ ನಿಯಮ. ಹೊಸಬರು ಏಳನ್ನೂ ಮೊದಲು ಜೋಡಿಸಿಟ್ಟು ಆಮೇಲೆ ನೀರು ಹಾಕುತ್ತಾರೆ, ತಪ್ಪುವುದು ಅಲ್ಲೇ. ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸಿ ಕೈಯಲ್ಲಿ ಹಿಡಿದು, ಮೇಲಿನದಕ್ಕೆ ನೀರು ಹಾಕಿ. ಅದನ್ನು ಎತ್ತಿ, ತಳದಲ್ಲಿ ತುಸು ಉಳಿಯುವಂತೆ ಮಿಕ್ಕ ನೀರನ್ನು ಮುಂದಿನದಕ್ಕೆ ಬಗ್ಗಿಸಿ, ನಿಮ್ಮ ಎಡತುದಿಯಲ್ಲಿ ಇಡಿ. ಹೀಗೆಯೇ ಬಲಕ್ಕೆ ಸಾಗಿ. ಎರಡು ಬಟ್ಟಲುಗಳ ನಡುವೆ ಒಂದು ಜವೆಗೋಧಿ ಕಾಳಿನಷ್ಟು ಜಾಗವಿರಲಿ, ಒಂದಕ್ಕೊಂದು ತಾಗಬಾರದು.

ಈಗ ಮತ್ತೆ ಎಡದಿಂದ ತುಂಬಿಸಿ. ಮೊದಲು ಸಣ್ಣ ಧಾರೆ, ನಡುವೆ ದಪ್ಪ, ಕೊನೆಗೆ ಮತ್ತೆ ಸಣ್ಣ, ಜವೆಗೋಧಿ ಕಾಳಿನ ಆಕಾರದಂತೆಯೇ. ಕೊನೆಯಲ್ಲಿ ಧಾರೆ ಸಣ್ಣದಾಗದಿದ್ದರೆ ನೀರು ಚೆಲ್ಲುವುದು ಖಂಡಿತ. ಅಂಚಿಗಿಂತ ಒಂದು ಕಾಳಿನಷ್ಟು ಕೆಳಗೆ ನಿಲ್ಲಿಸಿ. ಬಟ್ಟಲುಗಳ ಮೇಲೆ ಉಸಿರು ಬೀಳದಿರಲಿ. ಮಠಗಳಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದೂ ಉಂಟು.

ಒಂದೊಂದು ಬಟ್ಟಲೂ ಒಂದೊಂದು ಉಪಚಾರ: ಅರ್ಘ್ಯ, ಪಾದ್ಯ, ಪುಷ್ಪ, ಧೂಪ, ನಂತರ ಗಂಧ, ನೈವೇದ್ಯ, ಶಬ್ದ. ಧೂಪ ಮತ್ತು ಗಂಧದ ನಡುವೆ, ಅಂದರೆ ನಾಲ್ಕು ಮತ್ತು ಐದನೆಯ ಬಟ್ಟಲುಗಳ ನಡುವೆ, ದೀಪವಿಟ್ಟರೆ ಅದು ಆಲೋಕ; ಅಲ್ಲಿಗೆ ಎಂಟಾಯಿತು. ನಮ್ಮ ಮನೆಗಳ ಷೋಡಶೋಪಚಾರ ಬಲ್ಲವರಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಿಲ್ಲ, ಭಾರತದ ಅತಿಥಿಸತ್ಕಾರವೇ ಹಿಮಾಲಯ ದಾಟಿ ಹೋಗಿದೆ. ದರ್ಭೆಯಿಂದ ನೀರು ಚಿಮುಕಿಸುತ್ತ ‘ಓಂ ಆಃ ಹೂಂ’ ಎಂದು ಮೂರು ಸಲ ಹೇಳಿ, ಸಕಲ ಜೀವಿಗಳ ಹಿತಕ್ಕೆಂದು ಅರ್ಪಿಸಿ. ಈ ಸಂಕಲ್ಪವಿಲ್ಲದೆ ಬರೀ ಬಟ್ಟಲು ತುಂಬಿಸಿದರೆ ಕೆಲಸ ಅರ್ಧವೇ ಆದಂತೆ.

ಸಂಜೆ ಹೊತ್ತು ಮುಳುಗುವ ಮೊದಲು, ಬಲದಿಂದ ಎಡಕ್ಕೆ ಒಂದೊಂದನ್ನೇ ಬರಿದು ಮಾಡಿ. ನೀರನ್ನು ಗಿಡಗಳಿಗೆ ಹಾಕಿ, ಬಚ್ಚಲಿಗೆ ಬೇಡ. ಕೂಡಲೇ ಒರೆಸಿ ಕವುಚಿಡಿ. ಒದ್ದೆಯಾಗಿಯೇ ಬಿಟ್ಟರೆ ಬೋರ್‌ವೆಲ್ ನೀರಿನ ಬಿಳಿ ಕಲೆ ಹಿಡಿಯುತ್ತದೆ; ಹಿತ್ತಾಳೆ, ತಾಮ್ರವಾದರೆ ಹುಣಸೆಹಣ್ಣಿನಿಂದ ತಿಕ್ಕಿದರೆ ಹೋಗುತ್ತದೆ. ಊರಿಗೆ ಹೋಗುವ ದಿನಗಳಲ್ಲೂ ಬಟ್ಟಲುಗಳು ಕವುಚಿಯೇ ಇರಲಿ.