ಮುಂಚಕ್ರದ ಬೇರಿಂಗ್: ಬಿಚ್ಚುವುದು ಅಂಗಳದಲ್ಲಿ, ಒತ್ತುವುದು ಪ್ರೆಸ್ಸಿನಲ್ಲಿ

ಆಟಿ ತಿಂಗಳು ಕಳೆದು ಮಳೆ ಸ್ವಲ್ಪ ಹಿಡಿತಕ್ಕೆ ಬರುವ ಹೊತ್ತಿಗೆ ಕಾಸರಗೋಡು, ಕುಂಬಳೆ, ಉಪ್ಪಳ ಕಡೆಯ ಎಷ್ಟೋ ಕಾರುಗಳ ಮುಂಭಾಗದಿಂದ ‘ಗುಂಯ್’ ಎಂಬ ಸದ್ದು ಕೇಳತೊಡಗುತ್ತದೆ. ಓಡಿ ಬಿಸಿಯಾದ ಚಕ್ರದ ಬೇರಿಂಗ್ (ಒಳರಿಂಗು, ಹೊರರಿಂಗುಗಳ ನಡುವೆ ಗುಂಡುಗಳು ಓಡುವ ಜೋಡಣೆ) ರಸ್ತೆಯಲ್ಲಿ ನಿಂತ ನೀರಿಗೆ ಇಳಿದಾಗ ಒಮ್ಮೆಲೇ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ಕೆಸರುನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತುಕ್ಕು, ಆಮೇಲೆ ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿ.

ಮೊದಲು ಸದ್ದು ಬೇರಿಂಗಿನದೇ ಹೌದೋ ಎಂದು ನೋಡಿ. ಟಯರಿನ ಸದ್ದು ಡಾಮರಿನಿಂದ ಕಾಂಕ್ರೀಟಿಗೆ ಬಂದಾಗ ಬದಲಾಗುತ್ತದೆ, ಬೇರಿಂಗಿನದು ಬದಲಾಗದೆ ವೇಗದ ಜೊತೆ ಏರುತ್ತದೆ. ಬಲಕ್ಕೆ ತಿರುಗಿಸಿದಾಗ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಬದಿಯದನ್ನು ಸಂಶಯಿಸಿ. ಇನ್ನೂ ಖಚಿತವಾಗಬೇಕಿದ್ದರೆ ಚಕ್ರವನ್ನು ಜಾಕಿನಲ್ಲಿ ಎತ್ತಿ, ಒಂದು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಡಿ. ಹಾಳಾದ ಬೇರಿಂಗಿನ ಗರಗರ ಬೆರಳಿಗೇ ತಾಗುತ್ತದೆ.

ಇನ್ನು ಸಾಮಾನು. ಕಾರಿನ ಮಾಡೆಲ್, ವರ್ಷ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯೋ ಇಲ್ಲವೋ ಹೇಳಿ ಬೇರಿಂಗ್ ತನ್ನಿ. ಜೊತೆಗೆ ಹೊಸ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ), ಹೊಸ ಆಕ್ಸಲ್ ನಟ್ (ಚಕ್ರದ ನಡುವಿನ ದೊಡ್ಡ ನಟ್), ಟೈರಾಡಿಗೆ (ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳು) ಹೊಸ ಸ್ಪ್ಲಿಟ್ ಪಿನ್ ಬೇಕು. ಆಕ್ಸಲ್ ನಟ್ಟಿಗೆ ಸಾಮಾನ್ಯವಾಗಿ 30 ಅಥವಾ 32 ಮಿ.ಮೀ. ಸಾಕೆಟ್ ಹಿಡಿಯುತ್ತದೆ. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆದು ಬಿಗಿಯುವ ಪಾನಾ) ಇಲ್ಲದಿದ್ದರೆ ಎರವಲಾದರೂ ತನ್ನಿ, ಅದಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕಡಲ ತೀರದ ಉಪ್ಪುಗಾಳಿಗೆ ಬೋಲ್ಟುಗಳು ಕಚ್ಚಿಕೊಂಡಿರುತ್ತವೆ, ಹಾಗಾಗಿ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಸಮತಟ್ಟಾದ ಸಿಮೆಂಟು ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಕ್ಕೆ ಅಡ್ಡಕಟ್ಟೆ ಕೊಡಿ. ಆಕ್ಸಲ್ ನಟ್ಟಿನ ಬಡಿದು ಮಡಚಿದ ಅಂಚನ್ನು ಉಳಿಯಿಂದ ಎಬ್ಬಿಸಿ, ಚಕ್ರ ನೆಲದಲ್ಲಿರುವಾಗಲೇ ಒಂದಿಷ್ಟು ಸಡಿಲಿಸಿ. ಆಮೇಲೆ ಕಾರನ್ನು ಒಂದಡಿಯೂ ಉರುಳಿಸಬೇಡಿ. ಎತ್ತಿದ ಕಾರಿನಡಿ ಸ್ಟ್ಯಾಂಡೇ ಇಡಬೇಕು. ಅಂಗಳದಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು ಎಂಬುದು ಗೊತ್ತಿದ್ದದ್ದೇ, ಆದರೆ ಮಳೆನೀರು ಕುಡಿದ ಕೆಂಪುಕಲ್ಲು ಕಾರಿನ ಭಾರಕ್ಕೆ ಹೇಳದೆ ಕೇಳದೆ ಹೋಳಾಗುತ್ತದೆ. ಜೀವದ ಪ್ರಶ್ನೆ ಇದು.

ಚಕ್ರ ತೆಗೆದು ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಹಿಡಿದ ಭಾಗ) ಬಿಚ್ಚಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಹೋಸಿನಲ್ಲಿ ನೇತಾಡಬಾರದು. ಡಿಸ್ಕ್, ಎಬಿಎಸ್ ಸೆನ್ಸರ್ ತೆಗೆಯಿರಿ. ಟೈರಾಡಿನ ನಟ್ ಬಿಚ್ಚಿ, ಅದು ಕೂತಿರುವ ಕಣ್ಣಿನ ಬದಿಗೆ ಸುತ್ತಿಗೆಯಿಂದ ಎರಡೇಟು ಕೊಟ್ಟರೆ ಬಿಡುತ್ತದೆ, ಬೋಲ್ಟಿನ ಮರೆಗೆ (ತಿರುಪಿನ ಗೆರೆಗಳಿಗೆ) ಹೊಡೆದರೆ ಕೆಡುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಬಿಚ್ಚಿ. ಸ್ಟ್ರಟ್ಟಿನ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರಿನ) ಎರಡು ಬೋಲ್ಟುಗಳ ಜಾಗಕ್ಕೆ ಬಿಚ್ಚುವ ಮೊದಲೇ ಬಣ್ಣದ ಗುರುತು ಹಾಕಿ. ಡ್ರೈವ್ ಶಾಫ್ಟನ್ನು (ಎಂಜಿನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ದಂಡ) ಹೊರಗೆ ಎಳೆಯಬೇಡಿ, ಒಳಬದಿಯ ಜಾಯಿಂಟ್ ಕಳಚಿಕೊಂಡೀತು. ನಟ್ಟನ್ನು ತುದಿಯಲ್ಲಿ ಉಳಿಸಿಕೊಂಡು ಮೆಲ್ಲನೆ ಬಡಿದು ಹಬ್ಬಿನಿಂದ (ಹಬ್ ಎಂದರೆ ಚಕ್ರ ಕೂರುವ ನಡುಭಾಗ) ಬಿಡಿಸಿ, ನಟ್ ತೆಗೆದು ನಕಲನ್ನು (ಹಬ್, ಬೇರಿಂಗ್ ಹೊತ್ತ ಲೋಹದ ಭಾಗ, ಸ್ಟೀರಿಂಗ್ ನಕಲ್) ಹೊರತನ್ನಿ. ಶಾಫ್ಟನ್ನೂ ನೇತಾಡಲು ಬಿಡದೆ ಕಟ್ಟಿಡಿ. (ಕೆಲವು ಕಾರುಗಳಲ್ಲಿ ಹಬ್, ಬೇರಿಂಗ್ ಒಂದೇ ಜೋಡಣೆಯಾಗಿ ಮೂರು ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ. ಅಂಥದ್ದಕ್ಕೆ ಪ್ರೆಸ್ಸಿನ ಹಂಗಿಲ್ಲ.)

ಈಗ ನಕಲನ್ನು ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ಮನೆಯಲ್ಲಿ ಸುತ್ತಿಗೆಯಿಂದ ಹೊಡೆದು ಕೂರಿಸುವ ಆಸೆ ಬೇಡ. ಅಲ್ಲಿ ಪಕ್ಕದಲ್ಲೇ ನಿಂತು ನೋಡಿ. ಹಬ್ ಒತ್ತಿ ತೆಗೆದಾಗ ಬೇರಿಂಗಿನ ಒಳರಿಂಗಿನ ಅರ್ಧ ಹಬ್ಬಿಗೇ ಅಂಟಿ ಬರುತ್ತದೆ. ಅದನ್ನು ಪುಲ್ಲರಿನಿಂದ ತೆಗೆಯಬೇಕು, ಅಥವಾ ಗ್ರೈಂಡರಿನಲ್ಲಿ ಗೀರು ಹಾಕಿ ಉಳಿಯಿಂದ ಸೀಳಬೇಕು. ಗೀರು ಹಬ್ಬಿಗೆ ತಾಗಬಾರದು. ಸರ್ಕ್ಲಿಪ್ ತೆಗೆದು ಹಳೆಯ ಬೇರಿಂಗನ್ನು ಹೊರಕ್ಕೆ ಒತ್ತಿ ತೆಗೆದ ಮೇಲೆ ನಕಲಿನ ಒಳಮೈಯ ತುಕ್ಕು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ.

ಹೊಸದು ಕೂರಿಸುವಾಗ ಒತ್ತಡ ಹೊರರಿಂಗಿನ ಮೇಲೆ ಮಾತ್ರ ಬೀಳಬೇಕು. ಒಳರಿಂಗನ್ನು ಒತ್ತಿದರೆ ಟನ್ನುಗಟ್ಟಲೆ ಭಾರ ಗುಂಡುಗಳ ಮೂಲಕ ಹಾದು, ನಯವಾದ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಕೆಲವೇ ದಿನಗಳಲ್ಲಿ ಮತ್ತೆ ಗುಂಯ್‌ಗುಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಸರ್ಕ್ಲಿಪ್ ಹಾಕಿ ಹಬ್ ಒತ್ತುವಾಗ ಲೆಕ್ಕ ತಿರುಗುಮುರುಗು: ಅಡಿಯಿಂದ ಒಳರಿಂಗಿಗೆ ಆಸರೆ ಕೊಡಬೇಕು. ಎಬಿಎಸ್ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ, ಆ ಬದಿ ಸೆನ್ಸರಿನ ಕಡೆಗೇ ಬರಬೇಕು. ಕಾಗದದ ಕ್ಲಿಪ್ ಹಿಡಿದರೆ ಯಾವ ಬದಿ ಎಂದು ತಿಳಿಯುತ್ತದೆ. ತಪ್ಪಿದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಆರುವುದಿಲ್ಲ, ಎಲ್ಲವನ್ನೂ ಬಿಚ್ಚಬೇಕು.

ಜೋಡಿಸುವುದು ಬಿಚ್ಚಿದ್ದರ ಹಿಂದುಮುಂದು. ಆಕ್ಸಲ್ ನಟ್ಟಿಗೆ ಮಾತ್ರ ಅವಸರ ಸಲ್ಲ. ಬೇರಿಂಗಿನ ಒಳರಿಂಗಿನ ಎರಡು ಅರ್ಧಗಳನ್ನು ಒತ್ತಿ ಹಿಡಿಯುವುದೇ ಆ ನಟ್. ಸಡಿಲಾದರೆ ಒಳಗೆ ಆಟ (ಅಲುಗಾಟ) ಹುಟ್ಟಿ ಬೇರಿಂಗ್ ಸಾಯುತ್ತದೆ. ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದಿರುವಾಗ, ಚಕ್ರದ ಮೇಲೆ ಭಾರ ಬೀಳುವ ಮುನ್ನವೇ, ಕಾರಿನ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಷ್ಟೇ ಟಾರ್ಕಿಗೆ ಬಿಗಿಯಿರಿ. ಅಂದಾಜಿಗೆ ಬಿಡಬೇಡಿ, ಇಂಪ್ಯಾಕ್ಟ್ ಗನ್ ಬೇಡ. ಬಿಗಿದ ಮೇಲೆ ನಟ್ಟಿನ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಮಡಚಿ.

ಕಾರು ಹೊರಡಿಸುವ ಮುನ್ನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. 50 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.