ಮ್ಯೂಆನ್ ಜೋಡಿಗಳಲ್ಲಿ ಹೊಸ ಕಣ ಹುಡುಕಿದ್ದು

ಜಿನೀವಾ ಪಕ್ಕದ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ, 27 ಕಿ.ಮೀ. ಸುತ್ತಳತೆಯ ಸುರಂಗದೊಳಗೆ, ಪ್ರೋಟಾನ್ ಗೊಂಚಲುಗಳು 25 ನ್ಯಾನೊಸೆಕೆಂಡಿಗೊಮ್ಮೆ ಎದುರುಬದುರಾಗುತ್ತವೆ. ಆ ಡಿಕ್ಕಿಗಳಿಂದ ಹೊಮ್ಮುವ ಕಣಗಳನ್ನು ದಾಖಲಿಸುವ ಸಿಎಂಎಸ್ ಶೋಧಕದ ದತ್ತಾಂಶದಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ ಬಗೆಯ ಘಟನೆ: ಭಾರದ ಹೊಸ ಕಣವೊಂದು ಹುಟ್ಟಿದ ಕೂಡಲೇ ಕ್ಷಯಿಸಿ ಎರಡು ಮ್ಯೂಆನ್‌ಗಳಾಗುವುದು (ಮ್ಯೂಆನ್ ಎಂದರೆ ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ ಕಣ). ಆ ಎರಡರ ಸಂವೇಗ, ದಿಕ್ಕು ಗೊತ್ತಾದರೆ ಮೂಲ ಕಣದ ದ್ರವ್ಯರಾಶಿ ಲೆಕ್ಕಕ್ಕೆ ಸಿಗುತ್ತದೆ. ಜೋಡಿಗಳನ್ನೆಲ್ಲ ದ್ರವ್ಯರಾಶಿಯ ಪ್ರಕಾರ ನಕ್ಷೆಗೆ ಹಾಕಿದರೆ 91 ಜಿಇವಿ (ಕಣಗಳ ದ್ರವ್ಯರಾಶಿ, ಶಕ್ತಿಗಳನ್ನು ಅಳೆಯುವ ಮಾನ) ಹತ್ತಿರ ಮೊದಲೇ ಗೊತ್ತಿರುವ ಝಡ್ ಕಣದ ಶಿಖರ ಎದ್ದು ಕಾಣುತ್ತದೆ. ಅಲ್ಲಿಂದಾಚೆ ಬರೀ ಇಳಿಜಾರು. ಅದರಲ್ಲಿ ಎಲ್ಲಾದರೂ ಹೊಸ ಕಣದ ಗುರುತಾದ ಉಬ್ಬು ಇದೆಯೇ ಎಂದು ನೋಡಬೇಕು.

ನನ್ನ ಸಮಯದ ಬಹುಪಾಲು ಮ್ಯೂಆನ್ ಅಳತೆಗೇ ಹೋಯಿತು. ಕಾಂತಕ್ಷೇತ್ರದಲ್ಲಿ ಅದರ ಹಾದಿ ಎಷ್ಟು ಬಾಗಿತು ಎಂಬುದರಿಂದ ಸಂವೇಗ ತಿಳಿಯುತ್ತದೆ. ಸಂವೇಗ ಹೆಚ್ಚಿದಷ್ಟೂ ಬಾಗು ಕಡಿಮೆ. 3.8 ಟೆಸ್ಲಾ ಕ್ಷೇತ್ರದಲ್ಲಿ 1 ಟಿಇವಿ (ಸಾವಿರ ಜಿಇವಿ) ಮ್ಯೂಆನ್ ಒಂದು ಮೀಟರ್ ಸಾಗಿದ ಹಾದಿಯ ಎರಡು ತುದಿಗಳಿಗೆ ನೇರ ಗೆರೆ ಎಳೆಯಿರಿ. ನಟ್ಟನಡುವೆ ಹಾದಿ ಆ ಗೆರೆಯಿಂದ ಸರಿದಿರುವುದು ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ಕಡಿಮೆ! ಹಾದಿಯನ್ನು ಗುರುತಿಸುವ ಸಿಲಿಕಾನ್ ಪದರಗಳು ಎಲ್ಲಿ ಕೂತಿವೆ ಎಂಬ ನಮ್ಮ ತಿಳಿವಳಿಕೆ ತುಸು ಆಚೀಚೆಯಾದರೂ ಸಂವೇಗ ತಪ್ಪುತ್ತದೆ, ನಿಜವಾದ ಉಬ್ಬೂ ಹರಡಿಕೊಂಡು ಅಳಿಸಿಹೋಗಬಹುದು.

ಪರೀಕ್ಷೆಗೆ ಒದಗಿದ್ದು ವಿಶ್ವಕಿರಣಗಳ ಮ್ಯೂಆನ್‌ಗಳು. ಅವು ಆಕಾಶದಿಂದ ಬಂದು ಶೋಧಕವನ್ನು ಮೇಲಿಂದ ಕೆಳಕ್ಕೆ ತೂರಿಕೊಂಡು ಹೋಗುತ್ತವೆ. ಅಂಥ ಹಾದಿಯನ್ನು ನಡುವೆ ತುಂಡರಿಸಿ, ಮೇಲರ್ಧ ಕೆಳಗರ್ಧಗಳನ್ನು ಎರಡು ಬೇರೆ ಕಣಗಳೆಂಬಂತೆ ಅಳೆಯುತ್ತಿದ್ದೆ. ಕಣ ಒಂದೇ ಆದ್ದರಿಂದ ಎರಡೂ ಉತ್ತರ ತಾಳೆಯಾಗಬೇಕು. ಎಷ್ಟು ಅಂತರ ಬರುತ್ತದೋ ಅಷ್ಟು ನಮ್ಮ ಅಳತೆಯ ಮಸುಕು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಸಿಮ್ಯುಲೇಷನ್ನಿನ ಮೇಲೆ ಭಾರ ಹಾಕದೆ ಶೋಧಕದ ಬಾಯಿಂದಲೇ ಉತ್ತರ ಹೊರಡಿಸಬಹುದು.

ಯಾವ ಜೋಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಆಯ್ಕೆಯ ನಿಯಮಗಳು ಅಂತಿಮವಾಗುವವರೆಗೂ ನಕ್ಷೆಯ ಹೆಚ್ಚಿನ ದ್ರವ್ಯರಾಶಿಯ ಭಾಗವನ್ನು ತೆರೆಯಲಿಲ್ಲ. ನೋಡಿಕೊಂಡು ನಿಯಮ ತಿದ್ದಿದರೆ ಬೇಕಾದ ಉಬ್ಬನ್ನು ನಾವೇ ಬೆಳೆಸಿಬಿಡುತ್ತೇವೆ. 2015ರ ಡಿಸೆಂಬರಿನಲ್ಲಿ ಫೋಟಾನ್ (ಬೆಳಕಿನ ಕಣ) ಜೋಡಿಗಳಲ್ಲಿ 750 ಜಿಇವಿ ಬಳಿ ಅಲ್ಲಿನ ಇನ್ನೊಂದು ಶೋಧಕ ಅಟ್ಲಾಸ್, ಸಿಎಂಎಸ್ ಎರಡಕ್ಕೂ ಉಬ್ಬು ಕಂಡಿತ್ತು. 2016ರ ಆಗಸ್ಟ್ ಹೊತ್ತಿಗೆ ಹೆಚ್ಚಿನ ದತ್ತಾಂಶ ಸೇರಿ ಅದು ಕರಗಿತು. ಅಷ್ಟೆಲ್ಲ ಕಡೆ ನೋಡಿದಾಗ ಎಲ್ಲೋ ಒಂದು ಕಡೆ ಆಕಸ್ಮಿಕ ಏರಿಕೆ ಬಂದೇ ಬರುತ್ತದೆ. 5 ಸಿಗ್ಮಾ (ಉಬ್ಬು ಆಕಸ್ಮಿಕ ಏರಿಳಿತವನ್ನು ಎಷ್ಟು ಮೀರಿದೆ ಎಂಬ ಅಳತೆ) ಬೇಕೆಂಬ ಹಟ ಅದಕ್ಕೇ: ಹೊಸ ಕಣವೇ ಇಲ್ಲದೆ ಅಂಥ ಉಬ್ಬು ಬರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು.

13 ಟಿಇವಿ ಡಿಕ್ಕಿಗಳ ದತ್ತಾಂಶ ತೆರೆದಾಗ ಇಳಿಜಾರು ನಿರೀಕ್ಷೆಯಂತೆಯೇ ಇತ್ತು. ಎಲೆಕ್ಟ್ರಾನ್ ಜೋಡಿಗಳ ಫಲಿತಾಂಶವನ್ನೂ ಸೇರಿಸಿಕೊಂಡು, ಝಡ್‌ನಂತೆಯೇ ವರ್ತಿಸುವ ಭಾರದ ಕಣವಿದ್ದರೆ ಅದು 5 ಟಿಇವಿಗಿಂತ ಮೇಲಿರಬೇಕು ಎಂದು ಬರೆದೆವು. ಪ್ರೋಟಾನಿನೊಳಗಿನ ಕಿರುಕಣಗಳಾದ ಕ್ವಾರ್ಕ್‌ಗಳೊಡನೆ ಅಷ್ಟಾಗಿ ಬೆರೆಯದ ಕಣಕ್ಕೆ ಈ ಮಿತಿ ಅನ್ವಯಿಸದು. ಅಂಥದ್ದು ಬಹಳ ಕೆಳಗೂ ಅಡಗಿರಬಹುದು. 2022ರಿಂದ ಬರುತ್ತಿರುವ 13.6 ಟಿಇವಿ ದತ್ತಾಂಶದಲ್ಲಿ ನಾನು ಈಗ ಹುಡುಕುತ್ತಿರುವುದು ಅದನ್ನೇ.