ಟೆಸೆರಾಕ್ಟ್ ಕಂಪೈಲ್ ಮಾಡುವ ಮುನ್ನ ಏನೇನು ಹಾಕಿಕೊಳ್ಳಬೇಕು?

ರಾಯಚೂರು ಜಿಲ್ಲೆಯ ಹಳೆಯ ಮನೆಗಳಲ್ಲಿ ದಾಸರ ಪದಗಳ ಹಳೆಯ ಮುದ್ರಣಗಳು ಇನ್ನೂ ಸಿಗುತ್ತವೆ. ಮಾನ್ವಿಯಿಂದ ಬಂದ ಅಂಥದೊಂದು ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸಲು ನಾನು ಆರಿಸಿಕೊಂಡದ್ದು ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನು. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಇದು ಉಬುಂಟುವಿನಲ್ಲಿ ಸಿದ್ಧರೂಪದಲ್ಲೇ ಸಿಗುತ್ತದೆಯಾದರೂ, ತೀರಾ ಹೊಸ ಆವೃತ್ತಿ ಬೇಕೆಂದರೆ ಮೂಲ ಕೋಡನ್ನು ತಂದು ಕಂಪೈಲ್ ಮಾಡಬೇಕಾಗುತ್ತದೆ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕಾಗುತ್ತದೆ.

ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು, ಬಿಲ್ಡ್-ಎಸೆನ್ಶಿಯಲ್ ಪ್ಯಾಕೇಜನ್ನು ಹಾಕಿಕೊಳ್ಳಿ; ಸಿ ಮತ್ತು ಸಿ++ ಕಂಪೈಲರ್‌ಗಳೂ ಮೇಕ್ ಸಾಧನವೂ ಅದರೊಂದಿಗೇ ಬರುತ್ತವೆ. ಆಟೊಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್‌ಗಳನ್ನೂ ಸೇರಿಸಿ. ಅನಂತರ ಮೂಲ ಕೋಡಿನ ಫೋಲ್ಡರಿನಲ್ಲಿ ಆಟೊಜೆನ್ ಸ್ಕ್ರಿಪ್ಟನ್ನೂ ಅದರ ಹಿಂದೆಯೇ, ಬೇಕಾದದ್ದೆಲ್ಲ ಯಂತ್ರದಲ್ಲಿದೆಯೇ ಎಂದು ನೋಡುವ ಕಾನ್ಫಿಗರನ್ನೂ ಓಡಿಸಿ.

ಎಡವುವುದು ಇಲ್ಲಿಯೇ. ಚಿತ್ರಗಳನ್ನು ಸಂಸ್ಕರಿಸುವ ಲೈಬ್ರರಿಯಾದ ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕೆಂದು ಹೇಳಿ ಕಾನ್ಫಿಗರ್ ನಿಂತುಬಿಡುತ್ತದೆ. ಲೆಪ್ಟೋನಿಕಾ ಇದೆಯಲ್ಲ ಎಂದು ತಲೆ ಕೆರೆದುಕೊಳ್ಳುತ್ತ ನಾನು ಒಂದು ಇಡೀ ಸಂಜೆಯನ್ನು ಕಳೆದಿದ್ದೇನೆ. ಇದ್ದದ್ದು ನಿಜ, ಆದರೆ ಅದು ಪ್ರೋಗ್ರಾಮ್ ಓಡಲು ಸಾಕಾಗುವ ಲೈಬ್ರರಿ ಮಾತ್ರ. ಕಂಪೈಲರ್ ಓದುವ ಹೆಡರ್ ಫೈಲುಗಳೂ, ಪಿಕೆಜಿ-ಕಾನ್ಫಿಗ್ ಹುಡುಕುವ, ಹೆಸರು ‘.ಪಿಸಿ’ ಎಂದು ಮುಗಿಯುವ ಫೈಲೂ ಇರುವುದು ಹೆಸರಿನ ಕೊನೆಗೆ ‘-ಡೆವ್’ ಎಂದಿರುವ ಬೇರೊಂದು ಪ್ಯಾಕೇಜಿನಲ್ಲಿ. ಆದ್ದರಿಂದ ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ, ‘ಪಿಕೆಜಿ-ಕಾನ್ಫಿಗ್ --ಮೋಡ್‌ವರ್ಷನ್ ಲೆಪ್ಟ್’ ಎಂದು ಕೇಳಿ ನೋಡಿ. ಆವೃತ್ತಿಯ ಸಂಖ್ಯೆ ಕಂಡರೆ ಕಾನ್ಫಿಗರನ್ನು ಮತ್ತೆ ಓಡಿಸಬಹುದು. ಫೆಡೋರಾದಲ್ಲಿ ಇದೇ ಬಾಲ ‘-ಡೆವೆಲ್’ ಆಗಿರುತ್ತದೆ.

ಹಳೆಯ ಅಚ್ಚಿನ ಅಕ್ಷರಗಳಿಗೆ ತರಬೇತಿ ಕೊಡುವ ಸಾಧನಗಳೂ ಬೇಕಿದ್ದರೆ ಐಸಿಯು (ಯೂನಿಕೋಡ್ ಪಠ್ಯಕ್ಕೆ), ಪ್ಯಾಂಗೊ (ಅಕ್ಷರ ಜೋಡಣೆಗೆ), ಕೈರೊ (ಚಿತ್ರ ಬಿಡಿಸಲು) ಎಂಬ ಲೈಬ್ರರಿಗಳ ಡೆವ್ ಪ್ಯಾಕೇಜುಗಳು ಬೇಕು. ತರಬೇತಿಯ ಚಿತ್ರಗಳಲ್ಲಿ ನಮ್ಮ ಒತ್ತಕ್ಷರಗಳು ಸರಿಯಾದ ಜಾಗದಲ್ಲಿ ಕೂರುವುದು ಪ್ಯಾಂಗೊ ಇದ್ದರೆ. ಯಾವುದೋ ಹೆಡರ್ ಸಿಗಲಿಲ್ಲವೆಂಬ ದೋಷ ಬಂದರೆ, ಅದರ ಹೆಸರನ್ನು ಆಪ್ಟ್-ಫೈಲ್ ಸಾಧನಕ್ಕೆ ಕೊಟ್ಟು ಹುಡುಕಿ. ಯಾವ ಪ್ಯಾಕೇಜಿನಲ್ಲಿದೆ ಎಂದು ಅದು ಹೇಳುತ್ತದೆ. ‘ಆಪ್ಟ್ ಬಿಲ್ಡ್-ಡೆಪ್’ ಎಲ್ಲವನ್ನೂ ಒಟ್ಟಿಗೇ ತರುತ್ತದೆ, ಆದರೆ ಮೊದಲು ಡೆಬ್-ಎಸ್‌ಆರ್‌ಸಿ ಎಂಬ, ಮೂಲ ಕೋಡಿನ ಪ್ಯಾಕೇಜುಗಳು ಸಿಗುವ ತಾಣಗಳನ್ನು ಆಪ್ಟ್ ಪಟ್ಟಿಯಲ್ಲಿ ತೆರೆದಿಡಬೇಕು; ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ಬೇಕಾದಷ್ಟನ್ನೇ ಹಾಕಿಕೊಳ್ಳುವುದು ಲೇಸು.

ಇನ್ನು ‘ಮೇಕ್ -ಜೆ2’ ಸಾಕು. 4 ಜಿಬಿ ಮೆಮೊರಿಯ ಯಂತ್ರದಲ್ಲಿ ಹೆಚ್ಚು ಕೆಲಸಗಳನ್ನು ಒಟ್ಟಿಗೆ ಹೇರಿದರೆ ಅದು ಉಸಿರುಗಟ್ಟುತ್ತದೆ. ಬೇಸಿಗೆಯ ಮಧ್ಯಾಹ್ನ ನಡುವೆ ಕರೆಂಟು ಹೋದರೆ, ಅರೆಬರೆ ಬರೆದ ಫೈಲು ಉಳಿಯದಂತೆ ‘ಮೇಕ್ ಕ್ಲೀನ್’ ಕೊಟ್ಟೇ ಮತ್ತೆ ಆರಂಭಿಸಿ. ಮುಗಿದ ಮೇಲೆ ‘ಸುಡೊ ಮೇಕ್ ಇನ್‌ಸ್ಟಾಲ್’, ‘ಸುಡೊ ಎಲ್‌ಡಿಕಾನ್ಫಿಗ್’. ಎರಡನೆಯದನ್ನು ಮರೆತರೆ ಹೊಸ ಲೈಬ್ರರಿ ಸಿಗದೆ ಪ್ರೋಗ್ರಾಮ್ ಏಳುವುದೇ ಇಲ್ಲ. ಕನ್ನಡದ ದತ್ತಾಂಶ ಕಡತವನ್ನು ಪ್ರತ್ಯೇಕವಾಗಿ ಇಳಿಸಿಕೊಂಡು ಟೆಸ್‌ಡೇಟಾ ಫೋಲ್ಡರಿನಲ್ಲಿಟ್ಟು, ‘ಟೆಸೆರಾಕ್ಟ್ --ಲಿಸ್ಟ್-ಲ್ಯಾಂಗ್ಸ್’ ಎಂದು ಕೇಳಿ. ಪಟ್ಟಿಯಲ್ಲಿ ‘ಕೆಎಎನ್’ ಕಾಣಬೇಕು.